ಟೂತ್‌ಪೇಸ್ಟ್‌ನಿಂದ ಉಜ್ಜಿದ ಹೆಡ್‌ಲೈಟ್ ತಿಂಗಳಲ್ಲೇ ಮತ್ತೆ ಮಬ್ಬಾಗುವುದೇಕೆ?

ಏಳು ವರ್ಷದ ಕಾರು, ಟೂತ್‌ಪೇಸ್ಟ್ ಹಾಕಿ ಉಜ್ಜಿದಾಗ ಹೊಳೆದ ಹೆಡ್‌ಲೈಟ್ ತಿಂಗಳಲ್ಲೇ ಮತ್ತೆ ಹಳದಿಯಾಯಿತು ಎಂದು ಕೇಳಿದ್ದೀರಿ. ಈಗಿನ ಹೆಡ್‌ಲೈಟ್ ಗಾಜಲ್ಲ, ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ಬಿಸಿಲಿನ ಅತಿನೇರಳೆ ಕಿರಣಕ್ಕೆ ಅದು ತಾಳುವುದಿಲ್ಲವೆಂದೇ ಕಾರ್ಖಾನೆಯಲ್ಲಿ ಮೇಲೊಂದು ತೆಳು ಲೇಪ ಕೊಟ್ಟಿರುತ್ತಾರೆ. ಆ ಲೇಪ ಹಾಳಾಗಿದೆ. ಟೂತ್‌ಪೇಸ್ಟ್ ಮೇಲ್ಮೈಯನ್ನು ಸ್ವಲ್ಪ ಸವೆಸುತ್ತದೆ, ಹೊಸ ಲೇಪ ಕೊಡುವುದಿಲ್ಲ. ಹಾಗಾಗಿ ಉಜ್ಜುವುದು ಅರ್ಧ ಕೆಲಸ ಮಾತ್ರ.

ಮೊದಲು ಹೆಡ್‌ಲೈಟಿಗೆ ನೀರು ಹಾಕಿ ನೋಡಿ. ಒದ್ದೆಯಿದ್ದಾಗ ತಿಳಿಯಾಗಿ ಕಂಡರೆ ಮಬ್ಬು ಹೊರಗಿನದು, ಮನೆಯಲ್ಲೇ ಸರಿಹೋಗುತ್ತದೆ. ಒಳಗೆ ನೀರಿನ ಹನಿ ಕಂಡರೆ ಸೀಲ್ ಹೋಗಿದೆ. ಒಳಪದರದಲ್ಲಿ ಜೇಡರ ಬಲೆಯಂಥ ಬಿರುಕಿದ್ದರೆ ಎಷ್ಟು ಉಜ್ಜಿದರೂ ಹೋಗದು.

ಪೇಂಟ್ ಅಂಗಡಿಯಲ್ಲಿ 800, 1500, 2000, 3000 ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ) ಕೇಳಿ, ನಂಬರ್ ಹೆಚ್ಚಿದಷ್ಟೂ ನುಣುಪು. ಸುತ್ತಲಿನ ಬಣ್ಣಕ್ಕೆ ಮಾಸ್ಕಿಂಗ್ ಟೇಪನ್ನು ಎರಡು ಪದರ ಅಂಟಿಸಿ. ಪೇಪರ್ ಒಮ್ಮೆ ಜಾರಿದರೂ ಬಾನೆಟ್ ಗೀರುತ್ತದೆ. ಪೇಪರನ್ನು ಹತ್ತು ನಿಮಿಷ ನೀರಲ್ಲಿ ನೆನೆಸಿ, ಎರಡು ಹನಿ ಶಾಂಪೂ ಬೆರೆಸಿದ ನೀರು ಚಿಮುಕಿಸುತ್ತ 800ರಿಂದ ಅಡ್ಡಕ್ಕೆ ಉಜ್ಜಿ. ಮೊದಲು ಹಳದಿ ಕೆಸರು ಬರುತ್ತದೆ. ಅದು ಪೂರ್ತಿ ಬಿಳಿಯಾಗುವವರೆಗೆ ನಿಲ್ಲಿಸಬೇಡಿ. ಹೆಚ್ಚಿನವರು ತಪ್ಪುವುದು ಇಲ್ಲೇ: ಹಳೆ ಲೇಪ ಅಲ್ಲಲ್ಲಿ ಉಳಿದರೆ ಕೊನೆಗೆ ತೇಪೆ ಹಾಕಿದಂತೆ ಕಾಣುತ್ತದೆ. ಈ ಹಂತದಲ್ಲಿ ಹೆಡ್‌ಲೈಟ್ ಮೊದಲಿಗಿಂತ ಬೆಳ್ಳಗೆ ಕಂಡರೆ ಗಾಬರಿ ಬೇಡ. ಮುಂದೆ 1500 ಉದ್ದಕ್ಕೆ, 2000 ಅಡ್ಡಕ್ಕೆ, 3000 ಮತ್ತೆ ಉದ್ದಕ್ಕೆ. ದಿಕ್ಕು ಬದಲಿಸಿದರೆ ಹಿಂದಿನ ಗೀರು ಉಳಿದಿದೆಯೇ ಎಂಬುದು ಕಣ್ಣಿಗೇ ಬೀಳುತ್ತದೆ. ಪ್ರತಿ ಸಲವೂ ತೊಳೆಯಿರಿ, 800ರ ಒಂದು ಕಣ ಉಳಿದರೂ ಹೊಸ ಗೀರು ಖಂಡಿತ.

ಆಮೇಲೆ ಮೈಕ್ರೋಫೈಬರ್ ಬಟ್ಟೆಯಲ್ಲಿ ರಬ್ಬಿಂಗ್ ಕಾಂಪೌಂಡ್ (ಹೊಳಪು ಕೊಡುವ ಪೇಸ್ಟ್) ಹಾಕಿ ಹೊಳಪು ಬರಿಸಿ. ಡ್ರಿಲ್‌ಗೆ ಪ್ಯಾಡ್ ಸಿಕ್ಕಿಸುವುದಾದರೆ ಕಡಿಮೆ ವೇಗದಲ್ಲಿ, ಒಂದೇ ಕಡೆ ನಿಲ್ಲಿಸದೆ. ಬಿಸಿಗೆ ಪ್ಲಾಸ್ಟಿಕ್ ಕರಗುತ್ತದೆ. ಥಿನ್ನರ್, ಅಸಿಟೋನ್, ಪೆಟ್ರೋಲ್ ಮಾತ್ರ ಮುಟ್ಟಿಸಲೇಬೇಡಿ. ಪಾಲಿಕಾರ್ಬೊನೇಟ್ ಬಿರುಕು ಬಿಡುತ್ತದೆ, ಆಮೇಲೆ ಅದಕ್ಕೆ ಮದ್ದಿಲ್ಲ.

ಈಗ ನಿಜವಾದ ಕೆಲಸ. ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಜಿಡ್ಡು ಒರೆಸಿ, ಹೆಡ್‌ಲೈಟಿಗೆಂದೇ ಬರುವ, ಯುವಿ (ಅತಿನೇರಳೆ ಕಿರಣ) ತಡೆಯುವ ಕ್ಲಿಯರ್ ಕೋಟ್, ಅಂದರೆ ಪಾರದರ್ಶಕ ಲೇಪ, ಹಚ್ಚಿ. ತೆಳುವಾಗಿ ಎರಡು ಕೋಟ್, ನಡುವಿನ ಅಂತರ ಡಬ್ಬಿಯ ಮೇಲೆ ಬರೆದಷ್ಟು. ದಪ್ಪಗೆ ಹೊಡೆದರೆ ಸೋರಿ ಗೆರೆ ಕಟ್ಟುತ್ತದೆ. ಮಳೆಗಾಲದ ಥಂಡಿಯಲ್ಲಿ ಹೊಡೆದರೆ ಹಾಲಿನಂತೆ ಬಿಳಿಚಿಕೊಳ್ಳಬಹುದು, ಒಣ ದಿನ ನೋಡಿ ನೆರಳಲ್ಲೇ ಮಾಡಿ. ಹಾರ್ಡನರ್ ಬೆರೆಸುವ ಟು-ಕೆ ಕ್ಲಿಯರ್ ಹೆಚ್ಚು ಬಾಳುತ್ತದೆ ನಿಜ, ಆದರೆ ಅದರಲ್ಲಿರುವ ಐಸೊಸಯನೇಟ್ ಎಂಬ ರಾಸಾಯನಿಕ ಶ್ವಾಸಕೋಶಕ್ಕೆ ಅಪಾಯ. ಬಟ್ಟೆಯ ಮಾಸ್ಕ್ ಅದನ್ನು ತಡೆಯದು, ಆದ್ದರಿಂದ ಮನೆಯಲ್ಲಿ ಮಾಡುವುದಾದರೆ ಸ್ಪ್ರೇ ಬದಲು ಬಟ್ಟೆಯಿಂದ ಒರೆಸಿ ಹಚ್ಚುವ ಬಗೆಯ ಕೋಟನ್ನೇ ಬಳಸಿ ಎನ್ನುತ್ತೇನೆ. ಹಚ್ಚಿದ ಮೇಲೆ ಒಂದು ದಿನ ನೀರು ತಾಗಿಸಬೇಡಿ.