ಚೌಳು ನೆಲಕ್ಕೆ ಯಾವ ಹುಲ್ಲು?

ಪ್ರಶ್ನೆ: ಪಾಂಡವಪುರದ ಹತ್ತಿರ ನಾಲೆ ಬಯಲಿನಲ್ಲಿ ಹೊಸ ಮನೆ ಕಟ್ಟಿದ್ದೇವೆ. ಮುಂದೆ ಕಾರ್ಪೆಟ್ ಗ್ರಾಸ್ ಹಾಕಿಸಿದೆವು. ಬೋರ್ ನೀರು ಉಪ್ಪು. ಬೇಸಿಗೆ ಬರುತ್ತಿದ್ದಂತೆ ಹುಲ್ಲಿನ ತುದಿ ಸುಟ್ಟ ಹಾಗಾಗಿ, ನೆಲದ ಮೇಲೆ ಬಿಳಿ ಪುಡಿ ಕಾಣುತ್ತಿದೆ. ಅಮೆರಿಕದ ಒಣ ಸೀಮೆಯಲ್ಲಿ ಉಪ್ಪು ತಡೆಯುವ ಹುಲ್ಲುಗಳಿವೆಯಂತೆ. ಬೀಜ ತರಿಸಬಹುದಾ?

ಉತ್ತರ: ತರಿಸಬೇಡಿ. ನೀವು ಹೇಳುತ್ತಿರುವುದು ಬಹುಶಃ ಸಾಲ್ಟ್‌ಗ್ರಾಸ್ ಇಲ್ಲವೇ ಆಲ್ಕಲಿ ಸಕಟೋನ್. ಹುಲ್ಲೇನೋ ಒಳ್ಳೆಯದೇ. ನೆವಾಡ, ಯೂಟಾ ಕಡೆಯ ಉಪ್ಪು ಬಯಲಿನಲ್ಲಿ ಯಾರೂ ನೆಡದೆ ಬೆಳೆಯುತ್ತವೆ. ಸಾಲ್ಟ್‌ಗ್ರಾಸ್ ಅಂತೂ ಬೇರು ಹೀರಿದ ಉಪ್ಪನ್ನು ಎಲೆಯಲ್ಲಿರುವ ಸಣ್ಣ ಗ್ರಂಥಿಗಳಿಂದ ಹೊರಗೆ ಹಾಕಿಬಿಡುತ್ತದೆ, ಎಲೆ ಮೇಲೆ ಹರಳು ಕಾಣುವಷ್ಟು. ಆದರೆ ಅದು ಅಲ್ಲಿಯ ನಾಟಿ ಹುಲ್ಲು, ಅಲ್ಲಿಯವರು ಹಾಕುವುದು ಅದಕ್ಕೇ. ನಮ್ಮಲ್ಲಿ ಅದೇ ಕೆಲಸ ಮಾಡುವುದು ಇರುವಾಗ ಸುಮ್ನೆ ಯಾಕೆ ದುಡ್ಡು ದಂಡ? ಮೇಲಾಗಿ, ವಿದೇಶದ ಬೀಜಕ್ಕೆ 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಆಮದು ಪರವಾನಗಿ, ಆ ದೇಶದ ಸಸ್ಯ ಆರೋಗ್ಯ ಪತ್ರ ಎಲ್ಲಾ ಬೇಕು.

ಮೊದಲು ಮಣ್ಣು, ನೀರು ಎರಡನ್ನೂ ಪರೀಕ್ಷೆಗೆ ಕೊಡಿ. ಮಂಡ್ಯದ ವಿ.ಸಿ. ಫಾರ್ಮ್‌ನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಅಲ್ಲಿ ವಿಚಾರಿಸಿ. ವರದಿಯಲ್ಲಿ ಇ.ಸಿ. ಅಂತ ಇರುತ್ತದೆ, ಉಪ್ಪಿನ ಅಳತೆ ಅದೇ. ಮಣ್ಣಿನದು 4 ದಾಟಿದರೆ ಚೌಳು ಅಂತ ಲೆಕ್ಕ, ಕಾರ್ಪೆಟ್ ಗ್ರಾಸ್ ಅಲ್ಲಿ ಏಳುವುದೇ ಇಲ್ಲ.

ಗರಿಕೆ ಹಾಕಿ. ಹೌದು, ಗಣಪತಿಗೆ ಇಡುವ ಅದೇ ಗರಿಕೆ. ಗದ್ದೆ ಬದುವಿನಲ್ಲಿ ರೈತರು ಶಾಪ ಹಾಕುವುದೂ ಅದಕ್ಕೇ, ಕಿತ್ತಷ್ಟೂ ಬರುತ್ತದೆ ಅಂತ. ಆ ಹಟವೇ ನಿಮಗೆ ಬೇಕಾಗಿರುವುದು. ಇ.ಸಿ. 6-7ರವರೆಗೂ ಅದರ ಬೆಳವಣಿಗೆ ಕುಂದುವುದಿಲ್ಲ. ಆಟದ ಮೈದಾನಗಳಲ್ಲಿ ಬರ್ಮುಡಾ ಗ್ರಾಸ್ ಅಂತ ಹಾಕುವುದೂ ಇದೇ ಜಾತಿಯದ್ದು. ಒಂದೇ ತಕರಾರು, ಅದಕ್ಕೆ ಬಿಸಿಲು ಬೇಕು. ತೆಂಗಿನ ಮರದ ನೆರಳಿನಲ್ಲಿ ಬೋಳಾಗುತ್ತದೆ, ಅಲ್ಲಿ ಹುಲ್ಲಿನ ಆಸೆ ಬಿಟ್ಟು ಜಲ್ಲಿಕಲ್ಲು ಹರಡಿ. ಕಾಂಪೌಂಡ್ ಉದ್ದಕ್ಕೆ ಲಾವಂಚ ಚೆನ್ನ. ಬೇರು ಆಳಕ್ಕೆ ಇಳಿಯುತ್ತದೆ, ಸಾಧಾರಣ ಚೌಳು ತಡೆಯುತ್ತದೆ, ಕತ್ತರಿಸಿಕೊಂಡಿದ್ದರೆ ನೋಡಲೂ ಅಂದ.

ನೀರು ಹಾಕುವ ರೀತಿಯನ್ನೂ ಬದಲಿಸಿ. ದಿನಾ ಸಂಜೆ ಪೈಪ್ ಹಿಡಿದು ಮೇಲೆ ಚಿಮುಕಿಸಿದರೆ ನೀರು ಆವಿಯಾಗಿ ಉಪ್ಪು ಮೇಲೇ ಕೂರುತ್ತದೆ. ಕೆಲವು ದಿನಕ್ಕೊಮ್ಮೆ, ಆಳಕ್ಕೆ ಇಳಿಯುವಷ್ಟು ಬಿಡಿ, ಆಗ ಉಪ್ಪು ಬೇರಿನಿಂದ ಕೆಳಕ್ಕೆ ತೊಳೆದು ಹೋಗುತ್ತದೆ. ನಿಮ್ಮದು ನಾಲೆ ಬಯಲು, ಒಂದು ಅಡಿ ಅಗೆದರೇ ತೇವ ಸಿಗುವ ಜಾಗವಾದರೆ ಇಷ್ಟೂ ವ್ಯರ್ಥ. ಮೊದಲು ಬಸಿಗಾಲುವೆ ತೆಗೆಸಿ, ಇಲ್ಲ ಹೊರಗಿನ ಮಣ್ಣು ಹಾಕಿ ನೆಲ ಎತ್ತರಿಸಿ. ಇನ್ನೊಂದು, ಆರ್.ಓ. ಫಿಲ್ಟರಿನ ತ್ಯಾಜ್ಯ ನೀರು ದಂಡ ಆಗಬಾರದು ಅಂತ ಹುಲ್ಲಿಗೆ ಬಿಡುವವರು ಜಾಸ್ತಿ. ಬೋರ್ ನೀರಿನ ಉಪ್ಪೆಲ್ಲಾ ಅದರಲ್ಲೇ ಗಟ್ಟಿಯಾಗಿರುತ್ತದೆ ಅಲ್ವಾ? ನೆಲ ಒರೆಸಲು ಬಳಸಿ.

ಪ್ರಶ್ನೆ: ಚೌಳಿಗೆ ಜಿಪ್ಸಂ ಹಾಕಿದರೆ ಸಾಕು ಎನ್ನುತ್ತಾರೆ, ನಿಜವಾ? (ಮದ್ದೂರಿನ ಓದುಗರು)

ಉತ್ತರ: ಎಲ್ಲಾ ಚೌಳಿಗೂ ಅಲ್ಲ. ಪಿ.ಎಚ್. 8.5 ದಾಟಿ, ನೀರು ಇಂಗದೆ ನಿಂತು, ಒಣಗಿದಾಗ ಮಣ್ಣು ಕಲ್ಲಿನಂತಾದರೆ ಅಲ್ಲಿ ಸೋಡಿಯಂ ಜಾಸ್ತಿ ಇರುವ ಸಾಧ್ಯತೆ ಇದೆ, ಅದಕ್ಕೆ ಜಿಪ್ಸಂ ಸರಿ. ಬರೀ ಉಪ್ಪು ಕೂತ ನೆಲಕ್ಕೆ ಜಿಪ್ಸಂ ಸುರಿದು ಉಪಯೋಗವಿಲ್ಲ, ತೊಳೆದೇ ಹೋಗಬೇಕು. ನಿಮ್ಮ ಜಮೀನಿನ ಮೂಲೆ ತೀರಾ ಕೆಟ್ಟಿದ್ದು ನೀರೂ ನಿಲ್ಲುವುದಾದರೆ, ಹರಿಯಾಣದ ಕಡೆ ಕರ್ನಾಲ್ ಹುಲ್ಲು ಅಂತ ಬೆಳೆಸುತ್ತಾರೆ, ಪಿ.ಎಚ್. 10ರ ನೆಲದಲ್ಲೂ ಬರುತ್ತದೆ. ಹುಲ್ಲುಹಾಸಿಗೆ ಆಗದು, ದನಕ್ಕೆ ಮೇವಾಗುತ್ತದೆ.