ಗೋಡೆಗೆ ಶೀತ ಏರುತ್ತಿದ್ದರೆ ಪೇಂಟ್ ಡಬ್ಬಿ ಪಕ್ಕಕ್ಕಿಡಿ, ಮೊದಲು ಮನೆ ಸುತ್ತ ಒಂದು ಸುತ್ತು ಹಾಕಿ

ನೀವು ಕೇಳಿರುವುದು ಇಷ್ಟು: ಮೂಡಿಗೆರೆ ಹತ್ತಿರ ಇಟ್ಟಿಗೆ ಗೋಡೆಯ ಮನೆ, ಕಟ್ಟಿ ನಾಲ್ಕು ವರ್ಷ. ಹಾಲ್‌ನಲ್ಲಿ ನೆಲದಿಂದ ಎರಡಡಿ ಎತ್ತರದವರೆಗೆ ಪೇಂಟ್ ಎದ್ದು ಉದುರುತ್ತಿದೆ, ಬಿಳಿ ಪುಡಿ ಬರುತ್ತಿದೆ. ಮಲಗುವ ಕೋಣೆಯ ಮೇಲಿನ ಮೂಲೆಯಲ್ಲಿ ಕಪ್ಪು ಬೂಷ್ಟು. ಪೇಂಟರ್ ಡ್ಯಾಂಪ್‌ಪ್ರೂಫ್ ಪೇಂಟ್ ಹೊಡೆಯೋಣ ಅಂತಿದ್ದಾರೆ. ಹೊಡೆಸಬಹುದಾ, ಇಲ್ಲ ಇಟ್ಟಿಗೆಯೇ ಕಳಪೆಯಾ?

ಹೊಡೆಸಬೇಡಿ. ಈಗಂತೂ ಬೇಡ. ನಾನು ಸಕಲೇಶಪುರ, ಮೂಡಿಗೆರೆ ಕಡೆ ಮನೆ ಕಟ್ಟಿಸುವ ಕೆಲಸದಲ್ಲಿದ್ದೇನೆ. ಇಂಥ ಗೋಡೆಗೆ ಒಳಗಿನಿಂದ ಪೇಂಟ್ ಹೊಡೆಸಿ ದುಡ್ಡು ಕಳೆದುಕೊಂಡವರನ್ನು ನೋಡಿ ನೋಡಿ ಬೇಜಾರಾಗಿದೆ. ಯಾಕೆ ಬೇಡ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ.

ಮೊದಲು ಇಟ್ಟಿಗೆ ಮೇಲಿನ ಅನುಮಾನ. ನೀರು ಕುಡಿಯುವುದು ಇಟ್ಟಿಗೆಯ ಗುಣ, ಅದೇನೂ ದೋಷ ಅಲ್ಲ. ಸುಟ್ಟ ಮಣ್ಣಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳು ಉಳಿದಿರುತ್ತವೆ, ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಅವು ನೀರನ್ನು ತಾವಾಗಿಯೇ ಎಳೆದುಕೊಳ್ಳುತ್ತವೆ, ಮೇಲಕ್ಕೂ ಎಳೆಯುತ್ತವೆ. ರಂಧ್ರ ಸಣ್ಣದಾದಷ್ಟೂ ನೀರು ಎತ್ತರಕ್ಕೆ ಏರುತ್ತದೆ. ಗಾರೆಯಲ್ಲೂ ಇದೇ ಕತೆ. ಮೇಸ್ತ್ರಿಗಳು ಗೋಡೆ ಎಬ್ಬಿಸುವ ಮುಂಚೆ ಇಟ್ಟಿಗೆಯನ್ನು ತೊಟ್ಟಿಯಲ್ಲಿ ನೆನೆಹಾಕುವುದು ಇದಕ್ಕೇ. ಒಣ ಇಟ್ಟಿಗೆ ಇಟ್ಟರೆ ಅದು ಗಾರೆಯ ನೀರನ್ನೆಲ್ಲ ಹೀರಿಕೊಂಡು ಸಿಮೆಂಟ್ ಗಟ್ಟಿಯಾಗಲು ಬಿಡುವುದಿಲ್ಲ.

ಎಷ್ಟು ಕುಡಿಯಬಹುದು ಅನ್ನುವುದಕ್ಕೆ ಲೆಕ್ಕ ಇದೆ. ಇಟ್ಟಿಗೆಗೆ ಇರುವ ಭಾರತೀಯ ಮಾನಕ ಐಎಸ್ 1077ರ ಪ್ರಕಾರ, ಸಾಮಾನ್ಯ ಸುಟ್ಟ ಇಟ್ಟಿಗೆ 24 ಗಂಟೆ ನೀರಿನಲ್ಲಿ ಮುಳುಗಿದ್ದರೂ ತನ್ನ ಒಣ ತೂಕದ ಶೇ. 20ಕ್ಕಿಂತ ಜಾಸ್ತಿ ನೀರು ಹಿಡಿಯಬಾರದು. ಹೆಚ್ಚು ಬಲದ ದರ್ಜೆಗಳಿಗೆ ಮಿತಿ ಶೇ. 15. ಮನೆ ಹಿಂದೆ ಉಳಿದ ಇಟ್ಟಿಗೆ ಬಿದ್ದಿರುತ್ತಲ್ವಾ? ನಾಲ್ಕೈದನ್ನು ಚೆನ್ನಾಗಿ ಒಣಗಿಸಿ ತೂಕ ಮಾಡಿ, ಒಂದು ದಿನ ಬಕೆಟ್‌ನಲ್ಲಿ ಮುಳುಗಿಸಿ, ಮೈ ಒರೆಸಿ ಮತ್ತೆ ತೂಕ ಮಾಡಿ. 3 ಕೆ.ಜಿ. ಇದ್ದದ್ದು 3.6ರ ಒಳಗೆ ನಿಂತರೆ ಇಟ್ಟಿಗೆಯನ್ನು ಬೈಯಬೇಡಿ. 3.8, 3.9 ಬಂದರೆ ಅದು ಗೂಡಿನ ಹೊರಸಾಲಿನಲ್ಲಿ ಸರಿಯಾಗಿ ಬೇಯದೆ ಉಳಿದ ಮಾಲು ಇರಬಹುದು. ಎರಡು ಇಟ್ಟಿಗೆ ತಟ್ಟಿದರೂ ಗೊತ್ತಾಗುತ್ತದೆ. ಬೆಂದದ್ದು ಠಣ್ ಅನ್ನುತ್ತದೆ, ಬೇಯದ್ದು ಡಬ್ ಅನ್ನುತ್ತದೆ.

ಆದರೆ ಗಮನಿಸಿ, ಪಾಸಾದ ಇಟ್ಟಿಗೆ ಕೂಡ ಅರ್ಧ ಲೀಟರಿಗಿಂತ ಜಾಸ್ತಿ ನೀರು ಹಿಡಿಯಬಲ್ಲದು. ಹಾಗಾಗಿ ಕೇಳಬೇಕಾದ ಪ್ರಶ್ನೆ, ಆ ನೀರು ಗೋಡೆಗೆ ಎಲ್ಲಿಂದ ಸಿಗುತ್ತಿದೆ ಅನ್ನುವುದು.

ಬಿಳಿ ಪುಡಿ ಅಂದಿರಲ್ಲ, ಅದು ಉಪ್ಪು. ನೀರು ಮಣ್ಣಿನಿಂದ, ಇಟ್ಟಿಗೆಯಿಂದ, ಸಿಮೆಂಟಿನಿಂದ ಉಪ್ಪು ಕರಗಿಸಿಕೊಂಡು ಬರುತ್ತದೆ. ಗೋಡೆಯ ಮೈಗೆ ಬಂದು ನೀರು ಆರಿಹೋಗುತ್ತದೆ, ಉಪ್ಪು ಅಲ್ಲೇ ಹರಳು ಕಟ್ಟುತ್ತದೆ. ಹರಳು ಬೆಳೆಯುವಾಗ ಪೇಂಟನ್ನೂ ಗಾರೆಯ ಮೇಲ್ಪದರವನ್ನೂ ಹೊರಕ್ಕೆ ತಳ್ಳುತ್ತದೆ. ಒಳಗಡೆಯಿಂದ ನೀರು ಬಿಡದ ಪೇಂಟ್ ಹೊಡೆದರೆ ನೀವು ಮುಚ್ಚುವುದು ನೀರು ಬರುವ ದಾರಿಯನ್ನಲ್ಲ, ಅದು ಆರುವ ಜಾಗವನ್ನು. ಆಗ ನೀರು ಇನ್ನೂ ಮೇಲೆ ಏರಿ ಅಲ್ಲಿ ಆರುತ್ತದೆ. ಎರಡಡಿಯ ಶೀತ ಮೂರಡಿ, ನಾಲ್ಕಡಿ ಆಗುವುದು ಹೀಗೆ.

ನೆಂದು ಒಣಗಿ, ಮತ್ತೆ ನೆಂದು ಒಣಗಿದರೆ ಗೋಡೆಗೆ ಏನಾಗುತ್ತದೆ ಅಂತ ನೋಡಬೇಕಾದರೆ ಬೇಸಿಗೆಯಲ್ಲಿ ಹಾಸನದ ಹತ್ತಿರದ ಶೆಟ್ಟಿಹಳ್ಳಿ ಚರ್ಚಿಗೆ ಹೋಗಿ. ಫ್ರೆಂಚ್ ಪಾದ್ರಿಗಳು 1860ರ ಸುಮಾರಿಗೆ ಕಟ್ಟಿಸಿದ್ದು. ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು ಆದ ಮೇಲೆ ಮಳೆಗಾಲದಲ್ಲಿ ಹಿನ್ನೀರಿನಲ್ಲಿ ನಿಲ್ಲುತ್ತದೆ, ಬೇಸಿಗೆಯಲ್ಲಿ ಹೊರಗೆ ಬರುತ್ತದೆ. ಎಲ್ಲರೂ ದೂರದಿಂದ ಫೋಟೋ ತೆಗೆದುಕೊಂಡು ವಾಪಸ್ ಬರುತ್ತಾರೆ. ನೀವು ಗೋಡೆಯ ಮೈ ನೋಡಿ. ಗಾರೆ ಕಳಚಿ ಬಿದ್ದು ಇಟ್ಟಿಗೆ ಬತ್ತಲೆಯಾಗಿರುವುದು ಕಾಣುತ್ತದೆ. ನಮ್ಮ ಮನೆಯ ಗೋಡೆಗಳಲ್ಲಿ ಇದೇ ಕೆಲಸ ನಿಧಾನಕ್ಕೆ ನಡೆಯುತ್ತಿರುತ್ತದೆ.

ನಿಮ್ಮ ಹಾಲ್‌ನ ವಿಷಯಕ್ಕೆ ಬರೋಣ. ನೆಲದಿಂದ ಶುರುವಾಗಿ ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ನಿಂತಿದೆ, ಉಪ್ಪೂ ಬರುತ್ತಿದೆ ಅಂದರೆ ನೀರು ಕೆಳಗಿನಿಂದ ಏರುತ್ತಿದೆ. ಪಾಯದ ಮೇಲೆ, ಗೋಡೆ ಶುರುವಾಗುವ ಮಟ್ಟದಲ್ಲಿ ಡಿಪಿಸಿ ಅಂತ, ಅಂದರೆ ತೇವ ಮೇಲೇರದ ಹಾಗೆ ತಡೆಯುವ ಒಂದು ಪದರ ಇರಬೇಕು. ಸಾಮಾನ್ಯವಾಗಿ ಒಂದೂವರೆ ಇಂಚಿನಷ್ಟು ದಪ್ಪದ ಕಾಂಕ್ರೀಟ್, ಅದಕ್ಕೆ ವಾಟರ್‌ಪ್ರೂಫ್ ಪುಡಿ ಬೆರೆಸಿ, ಮೇಲೆ ಬಿಸಿ ಡಾಂಬರು ಬಳಿದಿರುತ್ತಾರೆ. ಅದು ಹೊರಗಿನ ಮಣ್ಣಿಗಿಂತ ಕಡೇಪಕ್ಷ ಅರ್ಧ ಅಡಿ ಮೇಲಿರಬೇಕು. ಒಳಗಿನ ನೆಲವಂತೂ ಅಂಗಳಕ್ಕಿಂತ 45 ಸೆಂ.ಮೀ. ಎತ್ತರ ಇರಬೇಕು ಅನ್ನುತ್ತದೆ ರಾಷ್ಟ್ರೀಯ ಕಟ್ಟಡ ಸಂಹಿತೆ. ಅರಸೀಕೆರೆ, ಕಡೂರು ಕಡೆ ಅಷ್ಟು ಸಾಕು. ನಮ್ಮ ಮಲೆನಾಡಿನ ಜಡಿಮಳೆಗೆ ನಾನು ಎರಡೂವರೆ ಅಡಿಗೆ ಕಡಿಮೆ ಒಪ್ಪುವುದಿಲ್ಲ.

ಆದ್ದರಿಂದ ಟೇಪ್ ಹಿಡಿದು ಹೊರಗೆ ಹೋಗಿ. ಅಂಗಳದ ಮಟ್ಟ ಮನೆ ಕಟ್ಟಿದಾಗ ಇದ್ದಷ್ಟೇ ಇದೆಯಾ, ಮೇಲೆ ಬಂದಿದೆಯಾ ನೋಡಿ. ಹಾನುಬಾಳಿನ ಕಡೆ ಒಂದು ಮನೆಯಲ್ಲಿ ಥೇಟ್ ನಿಮ್ಮದೇ ಸಮಸ್ಯೆ ಇತ್ತು. ಕಟ್ಟುವಾಗ ಎಲ್ಲ ಸರಿಯಾಗಿಯೇ ಮಾಡಿದ್ದರು. ಆಮೇಲೆ ಕೆಸರಾಗುತ್ತದೆ ಅಂತ ಅಂಗಳಕ್ಕೆ ಮಣ್ಣು ತುಂಬಿಸಿ ಇಂಟರ್‌ಲಾಕ್ ಹಾಸಿದ್ದಾರೆ. ಗೋಡೆ ಪಕ್ಕದ ಒಂದು ಸಾಲು ಎಬ್ಬಿಸಿ ನೋಡಿದೆವು. ಕೆಳಗಿನ ಜಲ್ಲಿಪುಡಿ ಹಿಂಡಿದರೆ ನೀರು ಬರುವ ಹಾಗಿತ್ತು. ಒಂದು ಗೇಣು ಕೆರೆದ ಮೇಲೆ ಡಿಪಿಸಿಯ ಕಪ್ಪು ಗೆರೆ ಕಾಣಿಸಿತು. ತೇವ ತಡೆಯಬೇಕಾದ ಪದರ ಮಣ್ಣಿನ ಒಳಗೆ, ಇಟ್ಟಿಗೆ ಅದರ ಮೇಲೆ ಒದ್ದೆ ಜಲ್ಲಿಗೆ ಆನಿಕೊಂಡು ನಿಂತಿತ್ತು. ಗೋಡೆಗೆ ತಾಗಿದ ಹಾಗೆ ಹೂವಿನ ಪಾತಿ ಮಾಡಿದರೂ ಇದೇ ಆಗುತ್ತದೆ. ಹೊರಗಿನ ಗಾರೆಯನ್ನು ಡಿಪಿಸಿ ದಾಟಿಸಿ ನೆಲಕ್ಕೆ ಮುಟ್ಟಿಸಿದ್ದರೂ ಅಷ್ಟೇ, ನೀರು ಗಾರೆ ಹಿಡಿದುಕೊಂಡು ಏರುತ್ತದೆ.

ಅಲ್ಲಿ ಮಾಡಿದ್ದು ದೊಡ್ಡ ಕೆಲಸವೇನಲ್ಲ. ಗೋಡೆಯಿಂದ ಎರಡಡಿ ಅಗಲಕ್ಕೆ ಇಂಟರ್‌ಲಾಕ್ ತೆಗೆದು, ಡಿಪಿಸಿಗಿಂತ ಅರ್ಧ ಅಡಿ ಕೆಳಗಿನವರೆಗೆ ಮಣ್ಣು ಬಗೆದು, ಕೆಳಗೆ ಹೊರಮುಖ ಇಳಿಜಾರು ಕೊಟ್ಟು ನೀರು ಹೋಗಲು ಚರಂಡಿ ಮಾಡಿದೆವು. ಡಿಪಿಸಿ ಮಟ್ಟದಲ್ಲಿ ಹೊರಗಾರೆಯನ್ನು ಕತ್ತರಿಸಿದೆವು.

ನಿಮ್ಮ ಮನೆ ಹಿಂದೆ ದರೆ ಇದ್ದರೆ ಅದನ್ನೂ ನೋಡಲೇಬೇಕು. ಗುಡ್ಡ ಕಡಿದು ಮಾಡಿದ ಮನೆಕಟ್ಟಿನಲ್ಲಿ ಜುಲೈ ಹೊತ್ತಿಗೆ ದರೆಯ ಒಳಗಿನಿಂದ ನೀರು ಒಸರುತ್ತದೆ, ಸೀದಾ ಪಾಯಕ್ಕೆ ಬರುತ್ತದೆ. ತೋಟಕ್ಕೆ ಬಸಿಗಾಲುವೆ ಹೊಡೆಯುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ದರೆಗೂ ಗೋಡೆಗೂ ನಡುವೆ ಪಾಯದ ಬುಡದ ತನಕ ಆಳದ ಕಾಲುವೆ, ಅದರಲ್ಲಿ ತೂತು ಕೊರೆದ ಪೈಪ್, ಮೇಲೆ ದಪ್ಪ ಜಲ್ಲಿ, ಒಂದು ಕಡೆಗೆ ಇಳಿಜಾರು. ಪಾಯದ ಮಣ್ಣು ಸಡಿಲ ಆಗದ ಹಾಗೆ ಸ್ವಲ್ಪ ಸ್ವಲ್ಪ ಉದ್ದಕ್ಕೆ ಅಗೆಸಿ, ಅದೂ ಬೇಸಿಗೆಯಲ್ಲಿ.

ಡಿಪಿಸಿ ಹಾಕಿಯೇ ಇಲ್ಲ ಅಂತಾದರೆ? ಅದಕ್ಕೂ ದಾರಿ ಇದೆ. ಹೊರಗಿನ ನೆಲದಿಂದ ಅರ್ಧ ಅಡಿ ಮೇಲೆ, ಇಟ್ಟಿಗೆ ಸಂದಿಯ ಗಾರೆಯಲ್ಲಿ ಸಾಲಾಗಿ ನಾಲ್ಕೈದು ಇಂಚಿಗೊಂದು 12 ಮಿ.ಮೀ. ತೂತು ಕೊರೆದು, ಸಿಲೇನ್ ಕ್ರೀಮ್ ತುಂಬುತ್ತಾರೆ. ಅದು ರಂಧ್ರಗಳ ಒಳಮೈಗೆ ಹರಡಿ ನೀರು ಏರದ ಹಾಗೆ ಮಾಡುತ್ತದೆ. ಇದು ಕೊನೆಯ ಉಪಾಯ. ಅಂಗಳ ಸರಿಮಾಡದೆ ಇದನ್ನು ಮಾಡಿಸಬೇಡಿ.

ನೀರಿನ ದಾರಿ ನಿಂತ ಮೇಲೆ ಒಳಗಿನ ಗಾರೆ. ತೇವ ಏರಿದ ಗುರುತಿಗಿಂತ ಒಂದೂವರೆ ಅಡಿ ಮೇಲಿನವರೆಗೂ ಕೆತ್ತಿಸಿ ತೆಗೆಯಿರಿ, ಉಪ್ಪೆಲ್ಲ ಅದರಲ್ಲೇ ಕೂತಿದೆ. ಇಟ್ಟಿಗೆ ಮೇಲಿನ ಉಪ್ಪನ್ನು ಒಣ ಬ್ರಷ್‌ನಿಂದ ಉಜ್ಜಿ ಉದುರಿಸಿ. ತೊಳೆದರೆ ಕರಗಿ ವಾಪಸ್ ಒಳಗೇ ಹೋಗುತ್ತದೆ. ಆಮೇಲೆ ಕಾಯಿರಿ. ಗೋಡೆ ಒಣಗಲು ಇಂಚಿಗೊಂದು ತಿಂಗಳು ಅನ್ನುವುದು ಕಟ್ಟಡದವರ ಹಳೇ ಲೆಕ್ಕ. ಒಂಬತ್ತಿಂಚಿನ ಗೋಡೆ ಒಂದು ಬೇಸಿಗೆಯಲ್ಲಿ ಪೂರ್ತಿ ಒಣಗುವುದಿಲ್ಲ. ಆದರೂ ದೀಪಾವಳಿ ಕಳೆದ ಮೇಲೆ ಗಾರೆ ತೆಗೆದು, ಫ್ಯಾನ್ ಬಿಟ್ಟು, ಏಪ್ರಿಲ್‌ನಲ್ಲಿ ಹೊಸ ಗಾರೆ ಹಾಕಿದರೆ ನಡೆಯುತ್ತದೆ. ಬರೀ ಸಿಮೆಂಟ್ ಜಾಸ್ತಿ ಹಾಕಿದ ಗಾರೆ ಬೇಡ. ಒಂದು ಪಾಲು ಸಿಮೆಂಟ್, ಒಂದು ಪಾಲು ಸುಣ್ಣ, ಆರು ಪಾಲು ಮರಳು ಹಾಕಿಸಿ. ಉಳಿದ ತೇವ ಅದರ ಮೂಲಕ ಆರುತ್ತದೆ. ಮೇಲೆ ಮೊದಲ ವರ್ಷ ಸುಣ್ಣವೇ ಸಾಕು.

ಪಡುವಣ ಗೋಡೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಮುಂಗಾರಿನ ಎರಚಲು ಆ ಕಡೆಯಿಂದಲೇ ಬರುತ್ತದೆ. ಹಿಂದಿನವರು ಸೂರು ಉದ್ದ ಬಿಡುತ್ತಿದ್ದರು, ಮಳೆಗಾಲಕ್ಕೆ ಸೋಗೆ ತಟ್ಟಿ ಕಟ್ಟುತ್ತಿದ್ದರು. ಈಗ ಬೆಂಗಳೂರಿನ ಪ್ಲಾನ್ ತಂದು ಸಜ್ಜಾ ಕೂಡ ಇಲ್ಲದ ಡಬ್ಬದ ಥರ ಮನೆ ಕಟ್ಟುತ್ತಾರೆ. ನನಗೆ ತುಂಬಾ ಸಂಕಟ ಆಗುವುದು ಇದಕ್ಕೇ. ಆ ಕಡೆಗೆ ಶೀಟ್ ಇಳಿಸಿ ಮೂರಡಿ ಮಾಡು ಮಾಡಿಸಿ, ಸೂರಿಗೆ ಮಳೆನೀರು ಹಿಡಿಯುವ ದೋಣಿ ಹಾಕಿಸಿ. ಗಾರೆಯ ಬಿರುಕು ಮುಚ್ಚಿದ ಮೇಲೆ ಬೇಕಾದರೆ ಹೊರಮೈಗೆ ಸಿಲೇನ್-ಸಿಲಾಕ್ಸೇನ್ ದ್ರವ ಬಳಿಸಬಹುದು. ಅದು ಮಳೆನೀರು ಹೀರದ ಹಾಗೆ ಮಾಡುತ್ತದೆ, ಒಳಗಿನ ಆವಿಯನ್ನು ಹೊರಗೆ ಬಿಡುತ್ತದೆ.

ಇನ್ನು ಕೋಣೆಯ ಬೂಷ್ಟು. ಇದರ ಮೂಲ ಬೇರೆ ಇರಬಹುದು. ಒಂದು ಚದರಡಿ ಪ್ಲಾಸ್ಟಿಕ್ ಹಾಳೆಯನ್ನು ಆ ಜಾಗಕ್ಕಿಟ್ಟು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಹಿಂದೆ ನೀರು ಕೂತರೆ ಗೋಡೆಯೇ ಒದ್ದೆ, ತಾರಸಿಯ ಪ್ಯಾರಾಪೆಟ್ ಬುಡ ನೋಡಿಸಿ. ನಿಮ್ಮ ಕಡೆಯ ಮುಖದ ಮೇಲೆ ಹನಿ ಕೂತರೆ ಅದು ಮನೆಯೊಳಗಿನ ಆವಿ, ತಣ್ಣನೆಯ ಮೂಲೆಗೆ ತಾಗಿ ನೀರಾಗುತ್ತಿದೆ. ಮನೆಯೊಳಗೆ ಅಷ್ಟು ಆವಿ ಎಲ್ಲಿಂದ ಅನ್ನಬೇಡಿ. ಒಂದು ಕೆ.ಜಿ. ಅಡುಗೆ ಗ್ಯಾಸ್ ಉರಿದರೆ ಸುಮಾರು ಒಂದೂವರೆ ಕೆ.ಜಿ. ನೀರಾವಿ ಹುಟ್ಟುತ್ತದೆ. 14.2 ಕೆ.ಜಿ. ಸಿಲಿಂಡರ್ ಮುಗಿಯುವಷ್ಟರಲ್ಲಿ 20 ಲೀಟರಿಗಿಂತ ಜಾಸ್ತಿ. ಮಳೆಗಾಲದಲ್ಲಿ ಕೋಣೆಯಲ್ಲೇ ಹಗ್ಗ ಕಟ್ಟಿ ಒಣಹಾಕುವ ಬಟ್ಟೆಯದು ಬೇರೆ. ಹಳೇ ಹಂಚಿನ ಮನೆಯಲ್ಲಿ ಇದೆಲ್ಲ ಹಂಚಿನ ಸಂದಿಯಿಂದ ಹೋಗುತ್ತಿತ್ತು, ಒಲೆಯ ಶಾಖ ಅಟ್ಟವನ್ನು ಒಣಗಿಸುತ್ತಿತ್ತು. ಆರ್‌ಸಿಸಿ ಮನೆಗೆ ನಾವೇ ದಾರಿ ಮಾಡಿಕೊಡಬೇಕು. ಅಡುಗೆಮನೆ, ಬಚ್ಚಲಿಗೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿ. ಮಳೆ ಬಿಟ್ಟ ಹೊತ್ತು ಎದುರುಬದುರು ಕಿಟಕಿ ತೆಗೆಯಿರಿ. ಬೀರು ಆ ಗೋಡೆಗೆ ಒತ್ತಿಕೊಂಡಿದ್ದರೆ ನಾಲ್ಕಿಂಚು ಈಚೆಗೆ ಎಳೆದು, ಹಿಂದೆ ಗಾಳಿ ಆಡುವ ಹಾಗೆ ಮಾಡಿ.