ಮದ್ರಾಸಿಗೆ ಬದಲಾಗಿ ಸಿಕ್ಕ ಕೋಟೆ

ಪ್ರಶ್ನೆ: 1746ರಲ್ಲಿ ಫ್ರೆಂಚರು ಗೆದ್ದ ಮದ್ರಾಸನ್ನು 1748ರ ಒಪ್ಪಂದದಲ್ಲಿ ಇಂಗ್ಲಿಷರಿಗೆ ಬಿಟ್ಟುಕೊಟ್ಟು, ಬದಲಿಗೆ ಕೆನಡಾದ ಲೂಯಿಸ್‌ಬರ್ಗ್ ಕೋಟೆಯನ್ನು ಮರಳಿ ಪಡೆದರಂತೆ. ಅಂಥ ಕೋಟೆ ಎರಡು ಸಲ ಸೋತದ್ದೇಕೆ?

ಉತ್ತರ: ಅದರ ಬಲವೆಲ್ಲ ಕಡಲ ಕಡೆಗಿತ್ತು. ಬಂದರಿನ ಬಾಯಲ್ಲಿ ನಡುಗಡ್ಡೆಯ ಮೇಲೊಂದು, ಒಳಗಿನ ದಡದಲ್ಲೊಂದು ಫಿರಂಗಿ ನೆಲೆ. ಹಿಂಬದಿಯ ಜೌಗನ್ನು ಭಾರಿ ಫಿರಂಗಿ ದಾಟಲಾರದು ಎಂದು ನಂಬಿದ್ದರು. ಆದರೆ ಫಿರಂಗಿಯ ಅಳವಿನಲ್ಲೇ, ಕೋಟೆಯನ್ನು ಮೇಲಿನಿಂದ ನೋಡುವ ದಿಬ್ಬಗಳಿದ್ದವು.

ಗೋಡೆಯೂ ಗಟ್ಟಿಯಿರಲಿಲ್ಲ. ಗಾರೆಗೆ ಕಡಲ ಮರಳು ಬೆರೆಸಿದ್ದರು. ಉಪ್ಪಿನಂಶ ಮತ್ತು ಸದಾ ಕವಿದ ಮಂಜಿನಿಂದ ಗಾರೆ ಸರಿಯಾಗಿ ಬಿಗಿಯಲಿಲ್ಲ. ಸಂದಿಗಿಳಿದ ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟಿ ಶೇ 9ರಷ್ಟು ಹಿಗ್ಗುತ್ತದೆ. ವರ್ಷವರ್ಷವೂ ಕಲ್ಲು ಸಡಿಲವಾಯಿತು. ಮಳೆ ತಡೆಯಲು ಕಲ್ಲುಗೋಡೆಗೆ ಹಲಗೆ ಹೊದಿಸಬೇಕಾಯಿತು!

1745ರಲ್ಲಿ ಅಮೆರಿಕದ ಇಂಗ್ಲಿಷ್ ವಸಾಹತುಗಳಾದ ನ್ಯೂ ಇಂಗ್ಲೆಂಡಿನ ಸುಮಾರು 4,000 ಜನರ ನಾಡಪಡೆ ಹಿಂಬದಿಯಿಂದಲೇ ಬಂತು. ಜೌಗಿನಲ್ಲಿ ಫಿರಂಗಿಯ ಗಾಲಿ ಹೂತುಹೋದಾಗ, ಹಡಗು ಕಟ್ಟುವ ಕಸುಬಿನ ಮೆಸರ್ವ್ 16 ಅಡಿ ಉದ್ದ, 5 ಅಡಿ ಅಗಲದ ಮರದ ಜಾರುಬಂಡಿ ಮಾಡಿಸಿದ. ಎತ್ತುಗಳೂ ಹೂತುಹೋಗುವ ಕೆಸರಿನಲ್ಲಿ ನೂರಾರು ಜನ ಮೊಣಕಾಲುದ್ದ ಇಳಿದು ಎಳೆದರು. ದಡದ ಫಿರಂಗಿ ನೆಲೆಯನ್ನು ಫ್ರೆಂಚರು ತೊರೆದದ್ದು ನನ್ನ ಮಟ್ಟಿಗೆ ಅತಿ ದೊಡ್ಡ ತಪ್ಪು. ಬತ್ತಿಯಿಡುವ ತೂತಿಗೆ ಮೊಳೆ ಜಡಿದರೇ ಹೊರತು ಫಿರಂಗಿಗಳನ್ನು ಒಡೆಯಲಿಲ್ಲ. ಮುತ್ತಿದವರು ತೂತು ಕೊರೆದು, 42 ಪೌಂಡಿನ ಗುಂಡು ಹಾರಿಸುವ ಅದೇ ಫಿರಂಗಿಗಳನ್ನು ಊರಿನತ್ತ ತಿರುಗಿಸಿದರು. ಸುಮಾರು ಏಳು ವಾರಕ್ಕೆ ಕೋಟೆ ಶರಣಾಯಿತು. ಕದನದಲ್ಲಿ ಸತ್ತವರಿಗಿಂತ ಆ ಚಳಿಗಾಲದಲ್ಲಿ ರೋಗದಿಂದ ಸತ್ತ ನಾಡಪಡೆಯವರೇ ಹೆಚ್ಚು. ಮೂರು ವರ್ಷಕ್ಕೇ ಕೋಟೆ ಮತ್ತೆ ಫ್ರೆಂಚರ ಪಾಲಾದಾಗ ನ್ಯೂ ಇಂಗ್ಲೆಂಡಿನ ಊರುಗಳು ಕೆರಳಿದ್ದು ನ್ಯಾಯವೇ.

1758ರಲ್ಲಿ ಬ್ರಿಟಿಷ್ ಸೇನಾಪತಿ ಆಮ್‌ಹರ್ಸ್ಟ್‌ನ ಸೇನೆ ಜೂನ್ 8ರಂದು ಇಳಿಯಿತು. ಜುಲೈ 26ಕ್ಕೆ ಕೋಟೆ ಬಿತ್ತು.

ಪ್ರಶ್ನೆ: ಗೆದ್ದವರೇ ಅದನ್ನು ಕೆಡವಿದ್ದೇಕೆ? ಈಗೇನು ಉಳಿದಿದೆ?

ಉತ್ತರ: 1748ರಂತೆ ಮತ್ತೆ ಹಿಂದಿರುಗಿಸಬೇಕಾಗಿ ಬಂದರೂ ಫ್ರಾನ್ಸಿಗೆ ಉಪಯೋಗವಾಗಬಾರದೆಂದು. ಬ್ರಿಟಿಷರಿಗೆ ಅದೇ ಕರಾವಳಿಯಲ್ಲಿ 1749ರಿಂದ ಹ್ಯಾಲಿಫ್ಯಾಕ್ಸ್ ಎಂಬ ಸ್ವಂತ ನೆಲೆಯೂ ಇತ್ತು. ಊರಿನ ಫ್ರೆಂಚರನ್ನು ಆಗಲೇ ಹಡಗು ಹತ್ತಿಸಿ ಫ್ರಾನ್ಸಿಗೆ ಕಳಿಸಿದ್ದರು. 1760ರಲ್ಲಿ ಗೋಡೆಗಳಡಿ ಸುರಂಗ ತೋಡಿ, ಮದ್ದು ತುಂಬಿ, ಕೊತ್ತಲಗಳನ್ನು ಒಂದೊಂದಾಗಿ ಸಿಡಿಸಿದರು.

1961ರಿಂದ ಕೆನಡಾ ಸರ್ಕಾರ ಹಳೆಯ ನಕ್ಷೆ, ಕಾಗದಪತ್ರ, ಉತ್ಖನನದ ಆಧಾರದಲ್ಲಿ ಊರಿನ ಸುಮಾರು ಕಾಲುಭಾಗವನ್ನು ಮತ್ತೆ ಕಟ್ಟಿಸಿತು. ಕೆಲಸ ಕಳೆದುಕೊಂಡ ಕಲ್ಲಿದ್ದಲು ಗಣಿಗಾರರಿಗೆ ಆ ಕಾಲದ ಕಲ್ಲುಕೆಲಸ ಕಲಿಸಿತು. ಫೋಟೋಗಳಲ್ಲಿ ಕಾಣುವ ಕಟ್ಟಡಗಳು ಬಹುತೇಕ ಹೀಗೆ ಹೊಸದಾಗಿ ಕಟ್ಟಿದವು. ಹಳೆಯ ಲೂಯಿಸ್‌ಬರ್ಗ್ ನೋಡಬೇಕಾದರೆ ಅವುಗಳನ್ನು ದಾಟಿ, ಹುಲ್ಲು ಬೆಳೆದ ದಿಬ್ಬಗಳತ್ತ ನಡೆಯಬೇಕು.